ಎಂಟು ಪುಟ, ಒಂದು ಸಾಲು

ನಮ್ಮ ವಂಶದಲ್ಲಿ ಡಿಗ್ರಿ ಓದಿದವಳು ನಾನೇ ಮೊದಲು. ಪಾಸ್‌ಪೋರ್ಟು ಮಾಡಿಸಿದವಳೂ ನಾನೇ. ಎರಡಕ್ಕೂ ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದೇನೆ, ಹಾಗಾಗಿ ಹೇಳಿಕೊಳ್ಳಲು ಸಂಕೋಚವಿಲ್ಲ. ಕೊಳ್ಳೇಗಾಲದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಸರ್ಕಾರಿ ಶಿಕ್ಷಕಿ ದೇಶ ಬಿಟ್ಟು ಹೋಗಬೇಕಾದರೆ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ನನ್ನ ಅರ್ಜಿ ನೋಡಿದ ಗುಮಾಸ್ತರು ಕನ್ನಡಕ ಮೇಲೇರಿಸಿದರು.

“ನೆದರ್ಲೆಂಡಲ್ಲಿ ಏನ್ ಕೆಲ್ಸ ಪುಟ್ಟಮ್ಮ ಮೇಡಂ? ಮಗ ಸೊಸೆ ಅವ್ರಾ?”

“ಇಲ್ಲ ಸಾರ್. ಅಲ್ಲಿ ಒಂದು ಪಾಠದ ಮೇಲೆ ಜಗಳ ಆಗ್ತಾ ಇದೆಯಂತೆ. ನೋಡ್ಕೊಂಡು ಬರೋಣ ಅಂತ.”

“ಪಾಠದ ಜಗಳ ನೋಡಕ್ಕ ಅಷ್ಟು ದೂರ ಹೋಗ್ಬೇಕಾ? ಇಲ್ಲೇ ಸರ್ಕಾರ ಬದ್ಲಾದಾಗೆಲ್ಲ ಆಯ್ತದಲ್ಲ!” ಎಂದು ಮುದ್ರೆ ಒತ್ತಿದರು.

ಕರೆಸಿಕೊಂಡವಳು ನನ್ನ ಹಳೆಯ ವಿದ್ಯಾರ್ಥಿನಿ ಮಹದೇವಿ. ಗ್ರೋನಿಂಗನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ಡಚ್ಚರು ಒಂದು ಕಾಲದಲ್ಲಿ ಆಫ್ರಿಕಾದ ಜನರನ್ನು ಕೊಂಡು ಹಡಗಿನಲ್ಲಿ ತುಂಬಿ ದಕ್ಷಿಣ ಅಮೆರಿಕದ ಸುರಿನಾಮಿನ ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿಸಿದರು. ಅದನ್ನು ಇಂದಿನ ಮಕ್ಕಳಿಗೆ ಎಷ್ಟು ಹೇಳಬೇಕು, ಹೇಗೆ ಹೇಳಬೇಕು ಎಂಬುದು ಅಲ್ಲಿನ ರಾಜಕಾರಣದ ಜಗಳ. ಮಕ್ಕಳಿಗೆ ದೇಶದ ಬಗ್ಗೆ ಹೆಮ್ಮೆ ಬರುವ ಪಾಠ ಸಾಕು ಎನ್ನುವ ಪಕ್ಷಗಳಿವೆ, ಎಲ್ಲವನ್ನೂ ಹೇಳಲೇಬೇಕು ಎನ್ನುವ ಪಕ್ಷಗಳಿವೆ. ಆ ಜಗಳ ಪಾರ್ಲಿಮೆಂಟಿನಿಂದ ಇಳಿದು ಶಾಲೆಯ ಬಾಗಿಲಿಗೆ ಬಂದಾಗ ಏನಾಗುತ್ತದೆ ಎಂಬುದೇ ಮಹದೇವಿಯ ಸಂಶೋಧನೆ. ದಸರಾ ರಜೆಯಲ್ಲಿ ಬನ್ನಿ, ಇಲ್ಲಿ ಶಿಕ್ಷಕರ ಕಾರ್ಯಾಗಾರವಿದೆ, ನಿಮ್ಮ ತರಗತಿಯ ಅನುಭವ ಹೇಳಿ ಎಂದಳು. ಹೋದೆ.

ಗ್ರೋನಿಂಗನ್

ಎಂಟನೇ ತರಗತಿಯಲ್ಲಿ ಭೂಪಟವನ್ನು ತಲೆಕೆಳಗು ಹಿಡಿದು ನನ್ನಿಂದ ಬೈಸಿಕೊಂಡ ಹುಡುಗಿ ಈಗ ನನ್ನ ಕೈಹಿಡಿದು ರಸ್ತೆ ದಾಟಿಸಿದಳು.

“ಮಿಸ್, ಆ ಕೆಂಪು ದಾರೀಲಿ ನಿಲ್ಬೇಡಿ, ಅದು ಸೈಕಲ್ನೋರ್ದು…”

ಅಷ್ಟರಲ್ಲಿ ಗಂಟೆ ಬಾರಿಸುತ್ತ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ನನ್ನ ಸೆರಗಿಗೆ ತಾಗುವಷ್ಟು ಹತ್ತಿರ ಹಾದುಹೋಗಿ ಏನೋ ಕೂಗಿದರು.

“ಏನಂದ್ರು?”

“ಬಿಡಿ ಮಿಸ್.”

“ಹೇಳೇ.”

“ಸಾಯಕ್ಕೆ ಬೇರೆ ಜಾಗ ಸಿಗ್ಲಿಲ್ವಾ ಅಂದ್ರು.”

ನಮ್ಮ ಕಡೆಯ ಬಸ್ ಡ್ರೈವರೂ ಇದನ್ನೇ ಅನ್ನುತ್ತಾನೆ. ಪರದೇಶಕ್ಕೆ ಬಂದ ಭಯ ಸ್ವಲ್ಪ ಇಳಿಯಿತು.

ಅಲ್ಲಿನವರು ಮುಖಕ್ಕೇ ಹೇಳಿಬಿಡುತ್ತಾರೆ. ಕಾರ್ಯಾಗಾರದಲ್ಲಿ ನಾನು ನಮ್ಮ ಶಾಲೆಯ ಬಗ್ಗೆ ಮಾತಾಡಿ ಕುಳಿತ ಕೂಡಲೇ ಒಬ್ಬ ಯುವಕ ಹತ್ತಿರ ಬಂದು, “ಚಿತ್ರಗಳು ಚೆನ್ನಾಗಿದ್ದವು, ಮಾತು ಉದ್ದವಾಯಿತು” ಎಂದ. ಸಿಟ್ಟಿಲ್ಲ, ನಗುವಿಲ್ಲ. ಇವತ್ತು ಮೋಡವಿದೆ ಎನ್ನುವ ಹಾಗೆ ಹೇಳಿದ. ನಮ್ಮಲ್ಲಾದರೆ ಮೊದಲು ಹಾರ ಹಾಕುತ್ತಾರೆ, ಆಮೇಲೆ ಕಾಫಿ ಕುಡಿಯುತ್ತ ನಾವಿಲ್ಲದಾಗ ಅದನ್ನೇ ಹೇಳುತ್ತಾರೆ. ಯಾವುದು ಮೇಲು ಎಂದು ಆ ಕ್ಷಣಕ್ಕೆ ತಿಳಿಯಲಿಲ್ಲ. ಕೆನ್ನೆಯಂತೂ ಬಿಸಿಯಾಯಿತು.

ಸಂಜೆ ಕಾಲುವೆ ಪಕ್ಕ ನಡೆದೆವು. ಅಲ್ಲಿ ಗಾಳಿ ಬೀಸುವುದಿಲ್ಲ, ದೂಡುತ್ತದೆ. ಒಂದು ಎತ್ತರದ ಹಳೆಯ ಮನೆಯ ಮುಂದೆ ಮಹದೇವಿ ನಿಂತಳು. ಬಾಗಿಲ ಪಕ್ಕ ಅಂಗೈಯಗಲದ ಒಂದು ಫಲಕ. ಈ ಮನೆ ಕಟ್ಟಿಸಿದವರು ಮನುಷ್ಯರ ವ್ಯಾಪಾರದಲ್ಲಿ ಪಾಲುದಾರರಾಗಿದ್ದರು ಎಂದು ಬರೆದಿದೆಯಂತೆ. ಒಳಗೆ ಯಾರೋ ದೀಪ ಹಾಕಿ, ಪರದೆ ಎಳೆಯದೆ ಊಟ ಮಾಡುತ್ತಿದ್ದರು.

“ಇವರಿಗೆ ಮುಜುಗರ ಆಗಲ್ವೇನೇ, ಮನೆ ಗೋಡೆ ಮೇಲೇ ಹೀಗೆ ಬರ್ದಿದ್ರೆ?”

“ಆಗ್ಬಹುದು ಮಿಸ್. ಆದ್ರೂ ಬಿಟ್ಟವ್ರೆ.”

ನಮ್ಮ ಶಾಲೆಯ ಗೇಟಿನ ಪಕ್ಕದಲ್ಲೂ ಒಂದು ಕಲ್ಲಿದೆ. ಶಾಲೆಗೆ ಜಾಗ ದಾನ ಕೊಟ್ಟವರ ಹೆಸರು ಅದರ ಮೇಲಿದೆ, ಅಷ್ಟೇ. ದಿನಾ ಅದನ್ನು ದಾಟಿಯೇ ಒಳಗೆ ಹೋಗುತ್ತೇನೆ. ಆ ಮಾತನ್ನು ಅವತ್ತು ಮಹದೇವಿಗೆ ಹೇಳಲಿಲ್ಲ.

ಮಾತಾಡಬಾರದ ಬೋಗಿ

ಎರಡು ದಿನದ ನಂತರ ರಾಟರ್‌ಡ್ಯಾಮ್ ಕಡೆಗೆ ರೈಲು ಹತ್ತಿದೆವು. ಮಹದೇವಿ ತನ್ನ ಸಂಶೋಧನೆಗೆ ಆರಿಸಿಕೊಂಡ ಶಾಲೆ ಅದರ ಪೂರ್ವಕ್ಕಿರುವ ಕಾಪೆಲ್ಲೆ ಆನ್ ಡೆನ್ ಐಸೆಲ್ ಎಂಬ ಊರಿನಲ್ಲಿದೆ. ನಾನು ಚಪಾತಿ, ಹುಚ್ಚೆಳ್ಳು ಚಟ್ನಿಪುಡಿಯ ಡಬ್ಬಿ ತೆರೆದು ಜೋರಾಗಿ, “ತಗೊಳ್ಳೇ, ಸೊರಗಿದ್ದೀಯ” ಎಂದೆ. ಎದುರಿನ ಗಂಡಸು ಕಿಟಕಿ ಗಾಜಿನ ಮೇಲೆ ಬರೆದ ಒಂದು ಪದವನ್ನು ಬೆರಳಿನಿಂದ ತೋರಿಸಿದ. ಅದು ಮಾತಾಡಬಾರದ ಬೋಗಿ. ತಿನ್ನಲು ಅಡ್ಡಿಯಿಲ್ಲ, ಮಾತು ಮಾತ್ರ ಕೂಡದು. ಚಟ್ನಿಪುಡಿಯ ವಾಸನೆಗೆ ಅವನು ಏನೂ ಅನ್ನಲಿಲ್ಲ. ಅದಕ್ಕೆ ಫಲಕವಿರಲಿಲ್ಲ.

ಹಾಗಾಗಿ ಆ ಶಾಲೆಯ ಕತೆಯನ್ನು ನಾನು ಕೇಳಿದ್ದೆಲ್ಲ ಪಿಸುಮಾತಿನಲ್ಲಿ.

ಅಲ್ಲಿ ನಮ್ಮ ಹಾಗೆ ಸರ್ಕಾರ ಪುಸ್ತಕ ಅಚ್ಚು ಹಾಕಿ ಕಳಿಸುವುದಿಲ್ಲ. ಯಾವ ಪುಸ್ತಕ ಎಂದು ಶಾಲೆಯೇ ಆರಿಸುತ್ತದೆ. ಈ ಶಾಲೆ ಹೊಸದಾಗಿ ಆರಿಸಿದ ಪುಸ್ತಕದಲ್ಲಿ ಗುಲಾಮಗಿರಿಗೆ ಅರ್ಧ ಪುಟ. ಮರ್ಲೀನ್ ಎಂಬ ಇತಿಹಾಸದ ಶಿಕ್ಷಕಿ ಅದು ಸಾಲದೆಂದು ತಾವೇ ಎಂಟು ಪುಟದ ಪಾಠ ಬರೆದು ತರಗತಿಯಲ್ಲಿ ಹೇಳತೊಡಗಿದರು. ಒಬ್ಬ ಹುಡುಗಿ ತರಗತಿಯಲ್ಲೂ ಅತ್ತಳು, ಮನೆಗೆ ಹೋಗಿಯೂ ಅತ್ತಳು. ತಾಯಿ ದೂರು ಕೊಟ್ಟರು. ಊರಿನ ನಗರಸಭೆಯ ಒಬ್ಬ ಸದಸ್ಯ, “ನಮ್ಮ ಮಕ್ಕಳಿಗೆ ನಾಚಿಕೆ ಕಲಿಸುವ ಶಾಲೆ” ಎಂದು ಎಲ್ಲ ಕಡೆ ಬರೆದರು. ಈಗ ಶಿಕ್ಷಕರು, ಪೋಷಕರು ಸೇರಿದ ಶಾಲಾ ಮಂಡಳಿ ಗುರುವಾರ ಕೂತು ಎಂಟು ಪುಟ ಇರಬೇಕೋ ಬೇಡವೋ ಎಂದು ತೀರ್ಮಾನಿಸಲಿದೆ.

“ಮರ್ಲೀನ್ ಬರೋ ವರ್ಷ ರಿಟೈರ್ ಆಗ್ತಾರೆ ಮಿಸ್,” ಎಂದು ಮಹದೇವಿ ಕಿವಿಯಲ್ಲಿ ಹೇಳಿದಳು. “ಈಗ ತೆಗೆದ್ರೆ ಮತ್ಯಾರೂ ಹಾಕಲ್ಲ.”

ಹೊರಗೆ ನೆಲ ಹಲಗೆಯ ಹಾಗೆ ಚಪ್ಪಟೆ. ಬೂದು ಆಕಾಶದ ಕೆಳಗೆ ಹಸುಗಳು ಒಂದೇ ದಿಕ್ಕಿಗೆ ಬೆನ್ನು ಹಾಕಿ ನಿಂತಿದ್ದವು.

ಕಾಪೆಲ್ಲೆಯ ಅನ್ನ ಸಾರು

ಅಲ್ಲಿ ನನಗೆ ಉಳಿಯಲು ಜಾಗ ಕೊಟ್ಟವರು ಬೆಂಗಳೂರಿನ ರಘುನಂದನ್, ಸುಷ್ಮಾ ದಂಪತಿ. ರಘುನಂದನ್ ಹತ್ತಿರದ ಕಚೇರಿಯೊಂದರಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ಅವರ ಮಗಳು ಅನ್ವಿ ಅದೇ ಶಾಲೆಯಲ್ಲಿ, ಮರ್ಲೀನರ ತರಗತಿಯಲ್ಲಿ ಓದುತ್ತಾಳೆ. ರಘುನಂದನ್ ಶಾಲಾ ಮಂಡಳಿಯ ಸದಸ್ಯರೂ ಹೌದು. ಇಷ್ಟು ಒಳ್ಳೆಯ ಜನ ಸಿಗುವುದು ಕಷ್ಟ. ನನ್ನ ಶಾಲು ನೋಡಿ, “ಇದ್ರಲ್ಲಿ ಇಲ್ಲಿ ಆಗಲ್ಲ ಮೇಡಂ” ಎಂದು ಹೆಂಡತಿಯ ದಪ್ಪ ಕೋಟನ್ನು ತಂದುಕೊಟ್ಟರು. ಸುಷ್ಮಾ ಬಿಸಿ ಅನ್ನ, ಹುರುಳಿಕಾಳು ಬಸ್ಸಾರು ಬಡಿಸಿದರು. ಬ್ರೆಡ್ಡು, ಚೀಸು ತಿಂದು ಜಡ್ಡುಗಟ್ಟಿದ್ದ ನಾಲಿಗೆಗೆ ಜೀವ ಬಂತು.

“ಅತ್ತದ್ದು ಯಾರು, ನಿಂಗೆ ಗೊತ್ತಾ ಪುಟ್ಟಿ?” ಎಂದು ಅನ್ವಿಯನ್ನು ಕೇಳಿದೆ.

“ಯಾ. ಲೋಟ. ಶಿ ಸಿಟ್ಸ್ ನೆಕ್ಸ್ಟ್ ಟು ಮಿ,” ಎಂದಳು. ಲೋಟ ಎಂಬುದು ಆ ಹುಡುಗಿಯ ಹೆಸರು, ನೀರು ಕುಡಿಯುವುದಲ್ಲ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಆ ಮಗು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿತ್ತು.

ಊಟವಾದ ಮೇಲೆ ರಘುನಂದನ್ ಬಾಳೆಹಣ್ಣು ಮುಂದಿಟ್ಟು ಮೆಲ್ಲಗೆ ಶುರುಮಾಡಿದರು.

“ಮೇಡಂ, ತಪ್ಪು ತಿಳ್ಕೋಬೇಡಿ. ಗುರುವಾರ ನಿಮ್ಮನ್ನೂ ಗೆಸ್ಟ್ ಅಂತ ಕೂರಿಸ್ತಾರೆ. ಒಂದು ರಿಕ್ವೆಸ್ಟ್. ನಮ್ಮ ಕಡೆ ಜಾತಿ, ಜೀತ ಅದೆಲ್ಲ ಅಲ್ಲಿ ತೆಗೀಬೇಡಿ ಪ್ಲೀಸ್. ಇವ್ರಿಗೆ ಇಂಡಿಯಾ ಅಂದ್ರೆ ಅದೊಂದೇ ತಲೇಲಿ ಉಳ್ಕೊಳ್ಳುತ್ತೆ. ಆಮೇಲೆ ಕ್ಲಾಸಲ್ಲಿ ಎಲ್ರೂ ಅನ್ವೀನ ಕೇಳ್ತಾರೆ, ‘ನೀವು ಯಾವ ಕಡೆಯವ್ರು’ ಅಂತ. ಅವ್ಳಿಗೇನ್ ಗೊತ್ತು ಪಾಪ?”

“ನಾನ್ಯಾಕೆ ತೆಗೀಲಿ ಬಿಡಿ,” ಎಂದೆ. ಉಂಡ ಕೈ ಇನ್ನೂ ಒಣಗಿರಲಿಲ್ಲ. ಅವರ ಕೋಟು ನನ್ನ ಬೆನ್ನ ಮೇಲಿತ್ತು.

ಗುರುವಾರ, ಶಾಲೆ

ಮರ್ಲೀನ್ ಅರವತ್ತು ದಾಟಿದ, ಎತ್ತರದ ಕಪ್ಪು ಹೆಂಗಸು. ಹುಟ್ಟಿದ್ದು ಸುರಿನಾಮಿನಲ್ಲಿ, ತೋಟದ ಗುಲಾಮರ ವಂಶ. ಅವರ ಮನೆಯಲ್ಲೂ ಕಾಲೇಜು ಮೆಟ್ಟಿಲು ಹತ್ತಿದವರು ಅವರೇ ಮೊದಲು. ಅದನ್ನು ಕೇಳಿದ ಮೇಲೆ ನಮ್ಮ ನಡುವೆ ಪರಿಚಯ ಬೇಕಾಗಲಿಲ್ಲ. ಮಕ್ಕಳು ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ನನ್ನ ಕೈ ತಾನಾಗಿ ಬೆತ್ತ ಹುಡುಕಿತು.

ಮಹದೇವಿ ಪಕ್ಕದಲ್ಲಿ ಕುಳಿತು ಎಂಟು ಪುಟವನ್ನೂ ಕನ್ನಡದಲ್ಲಿ ಹೇಳಿದಳು. ಗುಲಾಮಗಿರಿ ರದ್ದಾಯಿತೆಂದು ಕಾನೂನು ಬಂದ ಮೇಲೂ ಹತ್ತು ವರ್ಷ ಅವರೆಲ್ಲ ತೋಟಗಳಲ್ಲೇ ದುಡಿಯಬೇಕಿತ್ತು ಎಂಬುದು ಐದನೇ ಪುಟದಲ್ಲಿತ್ತು. ಪರಿಹಾರ ಕೊಟ್ಟದ್ದು ಒಡೆಯರಿಗೆ, ಗುಲಾಮರಿಗಲ್ಲ. ಲೋಟ ಅತ್ತದ್ದು ಈ ಪುಟದಲ್ಲಿ.

“ಅವಳು ನನ್ನ ಮೇಜಿನ ಹತ್ತಿರ ಬಂದು, ‘ಈಗ ನಾನೇನು ಮಾಡಬೇಕು’ ಎಂದು ಕೇಳಿದಳು,” ಎಂದರು ಮರ್ಲೀನ್. “ಅಳಬೇಡ ಅನ್ನಲಿಲ್ಲ ನಾನು. ಇನ್ನೂ ಮೂರು ಪುಟ ಇದೆ, ಓದಿ ಮುಗಿಸು, ಎಂಟನೆಯದನ್ನು ನಿನಗಾಗಿಯೇ ಬರೆದಿದ್ದೇನೆ ಅಂದೆ. ಅವಳು ಮುಗಿಸುವ ಮೊದಲೇ ತಾಯಿಯ ಫೋನು ಬಂತು.”

ಎಂಟನೇ ಪುಟ ಚಿಕ್ಕದು. ದುಡಿಸಿದವರ ಮರಿಮಕ್ಕಳು, ದುಡಿದವರ ಮರಿಮಕ್ಕಳು ಇವತ್ತು ಇದೇ ಊರಿನಲ್ಲಿ ಒಂದೇ ಬೆಂಚಿನ ಮೇಲೆ ಕೂತಿದ್ದಾರೆ, ಇದನ್ನು ನೀವು ಮಾಡಿಲ್ಲ, ಆದರೆ ಇನ್ನು ಮೇಲೆ ನಿಮಗೆ ಗೊತ್ತಿದೆ, ಗೊತ್ತಿರುವವರು ಪಕ್ಕದವರ ಜೊತೆ ಹೇಗೆ ಕೂರುತ್ತಾರೆ ಎಂದು ಯೋಚಿಸಿ ಬರೆಯಿರಿ. ಕೆಳಗೆ ಖಾಲಿ ಗೆರೆಗಳು.

ನಾಲ್ಕು ಗಂಟೆಗೆ ಸಭೆ. ಕಾಫಿಯ ಜೊತೆ ಒಬ್ಬರಿಗೆ ಒಂದೇ ಬಿಸ್ಕತ್ತು, ಆಮೇಲೆ ಡಬ್ಬಿಯ ಮುಚ್ಚಳ ಹಾಕಿದರು. ಇನ್ನೊಂದಕ್ಕೆ ಚಾಚಿದ ನನ್ನ ಕೈ ಗಾಳಿಯಲ್ಲೇ ಉಳಿಯಿತು. ಲೋಟಳ ತಾಯಿ ಕೆಟ್ಟವರಲ್ಲ. “ನನ್ನ ಮಗಳು ಎರಡು ರಾತ್ರಿ ಮಲಗಲಿಲ್ಲ” ಎಂದರು. ಮರ್ಲೀನ್ ಹೆಚ್ಚು ಮಾತಾಡಲಿಲ್ಲ. “ಅರ್ಧ ಪುಟದಲ್ಲಿ ನನ್ನ ಅಜ್ಜಿಯ ಅಜ್ಜಿ ಹಿಡಿಸುವುದಿಲ್ಲ” ಎಂದರು. ಅರ್ಧದಷ್ಟು ಜನ ಇತ್ತ, ಅರ್ಧದಷ್ಟು ಜನ ಅತ್ತ.

ತೀರ್ಮಾನಕ್ಕೆ ಮೊದಲು ಅವರಲ್ಲೊಂದು ಪದ್ಧತಿ. ಕುಳಿತವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳುತ್ತ ಒಂದು ಸುತ್ತು ಬರುತ್ತಾರೆ. ಹೇಳಿದ್ದನ್ನೆಲ್ಲ ಒಬ್ಬರು ಬರೆದುಕೊಳ್ಳುತ್ತಾರೆ. ನಮ್ಮ ಸಭೆಗಳಲ್ಲೂ ಕೊನೆಗೆ “ಯಾರಾದ್ರೂ ಏನಾದ್ರೂ ಹೇಳೋದಿದೆಯಾ?” ಎಂದು ಕೇಳುತ್ತಾರೆ. ಅಷ್ಟರಲ್ಲಿ ಉಪ್ಪಿಟ್ಟಿನ ವಾಸನೆ ಬಂದಿರುತ್ತದೆ, ಆಗ ಬಾಯಿ ಬಿಟ್ಟವರನ್ನು ಎಲ್ಲರೂ ಮನಸ್ಸಿನಲ್ಲೇ ಶಪಿಸುತ್ತಾರೆ. ಅತಿಥಿ ಎದ್ದು ನಿಂತರೆ ಎರಡು ಒಳ್ಳೆಯ ಮಾತಾಡಿ ಕೂರಬೇಕು. ಅದು ಅಭಿಪ್ರಾಯವಲ್ಲ, ವಂದನಾರ್ಪಣೆ.

ನನ್ನ ಸರದಿ ಬಂತು. ಮುಖ್ಯೋಪಾಧ್ಯಾಯರು ಇಂಗ್ಲಿಷಿನಲ್ಲಿ, “ನಿಮ್ಮ ದೇಶದಲ್ಲಿ ಇಂಥ ವಿಷಯವನ್ನು ಹೇಗೆ ಕಲಿಸುತ್ತೀರಿ?” ಎಂದರು. ಎದುರಿಗೆ ರಘುನಂದನ್ ನನ್ನನ್ನೇ ನೋಡುತ್ತಿದ್ದರು. ಎದ್ದು ನಿಂತೆ. ಅಲ್ಲಿ ಎದ್ದು ನಿಂತವಳು ನಾನೊಬ್ಬಳೇ. ಇಂಥ ಸುಂದರ ಶಾಲೆಯನ್ನು ನೋಡಿದ್ದು ನನ್ನ ಪುಣ್ಯ ಎಂದೆ. ನಿಮ್ಮ ಹೊಸ ಪುಸ್ತಕ ಬಹಳ ಚೆನ್ನಾಗಿದೆ ಎಂದೆ. “ನಮ್ಮಲ್ಲೂ ಜೀತ ಎಂಬುದಿತ್ತು. ಅದರ ಬಗ್ಗೆ ನಮ್ಮ ಪಾಠದಲ್ಲಿ ಒಂದು ಸಾಲಿದೆ. ಮಕ್ಕಳು ಅರ್ಥ ಮಾಡಿಕೊಳ್ಳುತ್ತಾರೆ. ಯಾವ ಜಗಳವೂ ಇಲ್ಲ,” ಎಂದು ಕೈಮುಗಿದು ಕುಳಿತೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಬರೆದುಕೊಳ್ಳುವವರ ಪೆನ್ನು ಓಡುತ್ತಿತ್ತು.

ನನ್ನ ನಂತರ ಮಾತಾಡಿದ ಮೂವರಲ್ಲಿ ಇಬ್ಬರು ನನ್ನ ಮಾತನ್ನೇ ಹಿಡಿದರು. ಇಪ್ಪತ್ತಾರು ವರ್ಷದ ಅನುಭವಿ ಶಿಕ್ಷಕಿ, ಅದೂ ಅಂಥ ಇತಿಹಾಸವಿರುವ ದೇಶದವರು, ಒಂದು ಸಾಲು ಸಾಕು ಎನ್ನುತ್ತಾರೆ ಎಂದರು. ಸಾಕು ಎಂದು ನಾನು ಹೇಳಿರಲಿಲ್ಲ. ಸಾಲದು ಎಂದೂ ಹೇಳಿರಲಿಲ್ಲ. ಕೈ ಎತ್ತಿದಾಗ ಎಂಟು ಪುಟ ಎರಡು ಕೈಗಳಿಂದ ಸೋತಿತು. ಅದು ಇನ್ನು ಗ್ರಂಥಾಲಯದಲ್ಲಿರುತ್ತದೆ, ಬೇಕಾದವರು ಓದಬಹುದು. ಮಹದೇವಿ ಈ ತೀರ್ಮಾನವನ್ನು ನನಗೆ ಕನ್ನಡದಲ್ಲಿ ಹೇಳುವಾಗ ನನ್ನ ಮುಖ ನೋಡಲಿಲ್ಲ.

ಬಸ್ ನಿಲ್ದಾಣದ ಬೆಂಚು

ಮರ್ಲೀನ್ ನಮ್ಮ ಜೊತೆ ಬಸ್ ನಿಲ್ದಾಣದವರೆಗೂ ಬಂದರು. ಜಡಿಮಳೆ. ಮಹದೇವಿ ಸ್ವಲ್ಪ ದೂರದಲ್ಲಿ ನಿಂತಳು.

“ಯಾಕೆ ಹಾಗೆ ಹೇಳಿದಿರಿ?” ಎಂದು ಮರ್ಲೀನ್ ಕೇಳಿದರು. ಕಾರ್ಯಾಗಾರದ ಆ ಯುವಕನ ಹಾಗೇ, ಸಿಟ್ಟಿಲ್ಲದೆ.

ಆಗ ಹೇಳಿದೆ. ಅದಕ್ಕೆ ಮೊದಲು ಯಾವ ಸಹೋದ್ಯೋಗಿಗೂ, ಯಾವ ವಿದ್ಯಾರ್ಥಿಗೂ ಹೇಳಿರದಿದ್ದನ್ನು ಹೇಳಿದೆ. ನನ್ನಪ್ಪ ಜೀತಕ್ಕಿದ್ದರು. ಹುಡುಗನಾಗಿದ್ದಾಗಲೇ ಒಡೆಯರ ಮನೆ ಸೇರಿದವರು. ನನಗೆ ನೆನಪಿರುವ ಅಪ್ಪ ನಮ್ಮ ಮನೆಯಲ್ಲಿ ಮಲಗುತ್ತಿರಲಿಲ್ಲ, ಒಡೆಯರ ಕೊಟ್ಟಿಗೆಯಲ್ಲಿ ದನದ ಪಕ್ಕ ಮಲಗುತ್ತಿದ್ದರು. ಜೀತ ರದ್ದಾಯಿತು ಎಂದು ಕಾನೂನು ಬಂದದ್ದು ಅವರಿಗೆ ತಿಳಿಯಲು ಮೂರು ವರ್ಷ ಬೇಕಾಯಿತು. ತಿಳಿದ ಮೇಲೂ ‘ಬುದ್ಧೀ, ನಾನು ಹೋಗ್ಲಾ’ ಎಂದು ಒಡೆಯರನ್ನೇ ಅಪ್ಪಣೆ ಕೇಳಿದರು. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ವರ್ಷ ಪಾಠದ ಆ ಸಾಲನ್ನು ಅವರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಕಾದರು. ಮುಂದೆ ಓದುತ್ತೇನೆ ಎಂದುಕೊಂಡಿದ್ದರು. ಆಮೇಲೆ ಕೇಳಿದರು, “ನಮ್ ಸುದ್ದಿ ಇಷ್ಟೇಯಾ ಕೂಸು?”

ಮರ್ಲೀನ್ ನನ್ನ ಕೈ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು.

“ಇದನ್ನು ಒಳಗೆ ಹೇಳಬೇಕಿತ್ತು, ಪುಟ್ಟಮ್ಮ,” ಎಂದರು. “ಇಲ್ಲಿ ನಾನೊಬ್ಬಳೇ ಇದ್ದೇನೆ. ನನಗೆ ಇದು ಮೊದಲೇ ಗೊತ್ತು.”

ಅವರ ಬಸ್ ಬಂತು. ಹತ್ತಿದವರು ತಿರುಗಿ ಕೈಬೀಸಿದರು, ಅದು ನನಗೆ ಇನ್ನೂ ಕಷ್ಟವಾಯಿತು.

ಸಭೆಯಲ್ಲಿ ಬರೆದುಕೊಂಡದ್ದನ್ನು ಅಲ್ಲಿ ಎಲ್ಲರಿಗೂ ಕಳಿಸುತ್ತಾರೆ, ತಪ್ಪಿದ್ದರೆ ತಿದ್ದಿಸಬಹುದು ಎಂದಳು ಮಹದೇವಿ. ನನಗೆ ಜೀವ ಬಂದಂತಾಯಿತು. ಅರ್ಜಿ ಬರೆಯುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ‘ಇವರಿಂದ, ಇವರಿಗೆ, ವಿಷಯ’ ಎಂದು ಕ್ರಮವಾಗಿ ಬರೆದೆ. ನನ್ನ ಹೇಳಿಕೆಯ ಜೊತೆ, ‘ಇವರ ತಂದೆ ಜೀತದಾಳಾಗಿದ್ದರು, ಒಂದು ಸಾಲು ಸಾಲದೆಂದು ಇವರ ಅಭಿಪ್ರಾಯ’ ಎಂದು ಸೇರಿಸಬೇಕೆಂದು ಕೋರಿದೆ. ಮಹದೇವಿ ಡಚ್ಚಿಗೆ ಇಳಿಸಿ ಕಳಿಸಿದಳು.

ಅದನ್ನು ರಘುನಂದನರಿಗೆ ನಾನೇ ಹೇಳಿದೆ. ಅವರು, “ನೀವು ನಂಗೆ ಮೊದ್ಲೇ ಹೇಳಿದ್ರೆ ನಾನು ಆ ಮಾತು ಕೇಳ್ತಿರ್ಲಿಲ್ಲ ಮೇಡಂ,” ಎಂದರು. ನಿಜವಾಗಿಯೇ ಹೇಳಿದರು ಎಂದು ನಂಬುತ್ತೇನೆ. ಕೋಟನ್ನು ಮಡಿಸಿ ಸುಷ್ಮಾ ಕೈಗೆ ಕೊಟ್ಟೆ.

ಉತ್ತರ ಬಂದದ್ದು ನಾನು ವಿಮಾನ ನಿಲ್ದಾಣದಲ್ಲಿ ಸಾಲಿನಲ್ಲಿ ನಿಂತಾಗ. ಮಹದೇವಿ ಫೋನಿನಲ್ಲೇ ಓದಿದಳು. ಬಹಳ ಸಭ್ಯ ಪತ್ರ. ನಿಮ್ಮ ತಂದೆಯ ವಿಷಯ ತಿಳಿದು ಮನಸ್ಸಿಗೆ ತಟ್ಟಿತು. ಆದರೆ ಸಭೆಯಲ್ಲಿ ಹೇಳಿದ್ದು ತಪ್ಪಾಗಿ ದಾಖಲಾಗಿದ್ದರೆ ಮಾತ್ರ ತಿದ್ದಬಹುದು, ಹೇಳದೆ ಬಿಟ್ಟದ್ದನ್ನು ಸೇರಿಸಲು ಬರುವುದಿಲ್ಲ.

“ಸರಿಯಾಗೇ ಬರ್ದಿದ್ದಾರೆ,” ಎಂದೆ.

ಊರು

ತಿರುಗಿ ಬಂದು ಕೆಲವು ವಾರಕ್ಕೆ ಆ ಪಾಠ ಬಂತು. ‘ಕಾನೂನಿನ ಮೂಲಕ ಜೀತಪದ್ಧತಿಯನ್ನು ರದ್ದುಪಡಿಸಲಾಯಿತು.’ ಓದಿದೆ. ಪುಸ್ತಕ ಮೇಜಿನ ಮೇಲಿಟ್ಟೆ. “ನಮ್ಮಪ್ಪ ಜೀತಕ್ಕಿದ್ರು,” ಎಂದೆ.

ಹಿಂದಿನ ಸಾಲಿನಲ್ಲಿ ಯಾರೋ ತಮಾಷೆಯೆಂದು ನಕ್ಕು, ನನ್ನ ಮುಖ ನೋಡಿ ನಿಲ್ಲಿಸಿದರು. ಕೊಟ್ಟಿಗೆಯದನ್ನು ಹೇಳಿದೆ, ಮೂರು ವರ್ಷದ್ದನ್ನು ಹೇಳಿದೆ. ವಿಮಾನದಲ್ಲಿ ಕೂತು ಇಷ್ಟನ್ನೇ ನೂರು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೆ. ಕಿಟಕಿ ಪಕ್ಕದ ಹುಡುಗಿ ಎದ್ದು ಕೇಳುವ ಪ್ರಶ್ನೆಯನ್ನು ಮಾತ್ರ ಯೋಚಿಸಿರಲಿಲ್ಲ.

“ಯಾರ ಮನೆಲಿ ಮಿಸ್?”

ಆ ಮನೆಯ ಮರಿಮಗಳು ಸಿಂಚನ ಎರಡನೇ ಬೆಂಚಿನಲ್ಲಿ ಕೂತಿದ್ದಾಳೆ. ಚುರುಕು ಹುಡುಗಿ, ನಕ್ಷೆ ಚೆನ್ನಾಗಿ ಬರೆಯುತ್ತಾಳೆ. ಸುಮ್ಮನಿದ್ದುಬಿಡಬಹುದಿತ್ತು. ಆ ಸಭೆಯಲ್ಲಿ ಕೈಮುಗಿದು ಕುಳಿತದ್ದು ನೆನಪಾಯಿತು.

“ಗೇಟಿನ ಪಕ್ಕ ಕಲ್ಲಿನ ಮೇಲೆ ಹೆಸರಿದ್ಯಲ್ಲ, ಅವ್ರ ಮನೇಲಿ.”

ತರಗತಿಯ ತಲೆಗಳೆಲ್ಲ ಒಟ್ಟಿಗೆ ಎರಡನೇ ಬೆಂಚಿನ ಕಡೆ ತಿರುಗಿದವು. ನಾನು ತಡೆಯುವ ಮೊದಲೇ ತಿರುಗಿದ್ದವು.

ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ ಸಿಂಚನ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಅಳುತ್ತಿರಲಿಲ್ಲ. ಪುಸ್ತಕವನ್ನು ಎದೆಗೆ ಒತ್ತಿ ಹಿಡಿದಿದ್ದಳು.

“ಮಿಸ್, ಅದ್ರ ಬಗ್ಗ ಇನ್ನೇನ್ ಬರ್ದದ? ಈಗ ನಾನೇನ್ ಮಾಡ್ಲಿ?”

ಓದಿ ಮುಗಿಸು ಎನ್ನಲು ಬಾಯಿ ತೆರೆದೆ. ಅವಳ ಕೈಯಿಂದ ಪುಸ್ತಕ ತೆಗೆದುಕೊಂಡು ಪುಟ ತಿರುವಿದೆ. ಆ ಒಂದು ಸಾಲು ಮುಗಿದ ಕೂಡಲೇ ಸಾರಿಗೆ ಮತ್ತು ಸಂಪರ್ಕದ ಪಾಠ ಶುರುವಾಗಿತ್ತು, ಮೇಲೊಂದು ರೈಲಿನ ಚಿತ್ರ. ಇನ್ನೊಂದು ಪುಟ ತಿರುವಿದೆ. ಮಗು ಕಾಯುತ್ತ ನಿಂತಿತ್ತು, ಅಪ್ಪ ಕಾದ ಹಾಗೆ.